ಗಂಡನಿಗೆ ಊದಲು ಕಲಿಸಿದ ಕಥೆ

ನನ್ನ ಗಂಡನಿಗೆ ಊದಲು ಬರುವುದಿಲ್ಲ.

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಈ ಸಂಗತಿ ನನಗೆ ಗೊತ್ತಾಯಿತು. ಅದೂ ಮನೆಯಲ್ಲಲ್ಲ, ಮಿರಜಿನ ಒಂದು ಆಸ್ಪತ್ರೆಯ ಪುಟ್ಟ ಕೋಣೆಯಲ್ಲಿ. ಅವರ ಮೂಗಿಗೆ ಕ್ಲಿಪ್ ಹಾಕಿದ್ದರು. (ಬಟ್ಟೆ ಒಣಹಾಕುವ ಕ್ಲಿಪ್ಪಿಗೂ ಅದಕ್ಕೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.) ಬಾಯಲ್ಲಿ ರಟ್ಟಿನ ಕೊಳವೆ. ಕೊಳವೆಯ ತುದಿಗೆ ವೈರು, ವೈರಿನ ತುದಿಗೆ ಕಂಪ್ಯೂಟರು, ಕಂಪ್ಯೂಟರಿನ ಮುಂದೆ ಅಶ್ವಿನಿ ಎಂಬ ಹುಡುಗಿ. ಉಸಿರಿನ ಪರೀಕ್ಷೆ ಮಾಡುವುದು ಆಕೆಯ ಕೆಲಸ.

"ಕಾಕಾ, ಉಸರ ಪೂರಾ ಒಳಗ ತಗೋರಿ. ಆತು? ಈಗ ಜೋರ್ ಬಿಡ್ರಿ. ಜೋರ್! ಫುಂಕಾ, ಫುಂಕಾ, ಫುಂಕಾ!"

ಆಕೆ ಕೂಗಿದ ರಭಸಕ್ಕೆ ಪಕ್ಕದಲ್ಲಿ ಕೂತ ನಾನೇ ಊದಿಬಿಟ್ಟೆ. ನಮ್ಮವರು ಮಾತ್ರ ಕಣ್ಣು ಮುಚ್ಚಿಕೊಂಡು, ಮೆಲ್ಲಗೆ, ನಯವಾಗಿ, ಉದ್ದಕ್ಕೆ ಉಸಿರು ಬಿಟ್ಟರು. ಬಿಡುತ್ತಲೇ ಇದ್ದರು. ಅಶ್ವಿನಿ ಪರದೆ ನೋಡಿದಳು, ಇವರನ್ನು ನೋಡಿದಳು, ಮತ್ತೆ ಪರದೆ ನೋಡಿದಳು. ಗುಡ್ಡದ ಹಾಗೆ ಏರಬೇಕಾಗಿದ್ದ ಗೆರೆ ಹೊಲದ ಬದುವಿನ ಹಾಗೆ ಮಲಗಿತ್ತು.

"ಹಿಂಗ ನಾಹೀರಿ ಕಾಕಾ. ಜೋರ್ ಬೇಕು. ಮತ್ತೊಮ್ಮೆ."

ಮತ್ತೊಮ್ಮೆ ಆಯಿತು. ಇನ್ನೊಮ್ಮೆ ಆಯಿತು. ಪ್ರತಿ ಸಲವೂ ಅದೇ ಸಜ್ಜನಿಕೆಯ ಉಸಿರು. ಕೊನೆಗೆ ಅಶ್ವಿನಿ ಕೈಚೆಲ್ಲಿ ನನ್ನ ಕಡೆ ತಿರುಗಿದಳು. ಆಕೆ ಖಂಡೇರಾಜುರಿಯ ಕಡೆಯವಳು, ಮನೆಯಲ್ಲಿ ಅಜ್ಜಿಯೊಬ್ಬರೇ ಕನ್ನಡ ಆಡುವವರಂತೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಹೇಳಿದಳು:

"ಕಾಕೂ, ಮಷೀನ್‌ಗೆ ಕಾಕಾನ ಉಸರ ತಿಳೀತಾನೇ ಇಲ್ಲ. ಹಿಂಗ ರಿಪೋರ್ಟ್ ಹೋದ್ರ ಅನ್‌ಫಿಟ್ ಅಂತ ಬರ್ತೈತಿ."

ಅನ್‌ಫಿಟ್. ಆ ಪದ ಕೇಳಬಾರದೆಂದೇ ನಾವು ಬೆಳಗಿನಿಂದ ನೀರು ಕೂಡ ಸರಿಯಾಗಿ ಕುಡಿಯದೆ ಕೂತಿದ್ದೆವು.

ಅದಕ್ಕೇಕೆ ಅಷ್ಟು ಗಾಬರಿ ಅಂತೀರಾ? ಹೇಳುತ್ತೇನೆ. ನಾವಿರುವುದು ಸಾಂಗ್ಲಿಯ ಹತ್ತಿರದ ಬುಧಗಾಂವದಲ್ಲಿ. ಇವರು ದುಡಿಯುವುದು ಅಲ್ಲೇ ಮಗ್ಗುಲಿನ ಮಾಧವನಗರದ ಒಂದು ನೂಲಿನ ಗಿರಣಿಯಲ್ಲಿ. (ಹೆಸರು ಬೇಡ. ಹೇಳಿದರೂ ಉಪಯೋಗವಿಲ್ಲ, ಸದ್ಯದಲ್ಲೇ ಆ ಹೆಸರೇ ಇರುವುದಿಲ್ಲ.) ನಮ್ಮ ಗಿರಣಿ ಬೇರೆ ಊರಿನ ದೊಡ್ಡ ಗಿರಣಿಯೊಂದರ ಜೊತೆ ಮರ್ಜ್ ಆಗುತ್ತಿದೆ. ಎರಡು ಗಿರಣಿ ಒಂದಾದರೆ ಎರಡರ ಜನ ಒಂದರಲ್ಲಿ ಹಿಡಿಸಬೇಕಲ್ಲ? ಹಿಡಿಸುವುದಿಲ್ಲ. ಅದಕ್ಕೆ ಹೊಸ ಮ್ಯಾನೇಜ್‌ಮೆಂಟಿನವರು ಒಂದು ಉಪಾಯ ಹುಡುಕಿದರು: ಎಲ್ಲರಿಗೂ ಮೆಡಿಕಲ್. ಕಣ್ಣು, ಬಿಪಿ, ಶುಗರ್. ಹತ್ತಿಯ ಧೂಳಿನಲ್ಲಿ ಕೆಲಸ ಮಾಡುವವರಾದ್ದರಿಂದ ಉಸಿರು. ಫಿಟ್ ಆದವರು ಒಳಗೆ, ಅನ್‌ಫಿಟ್ ಆದವರು ಮನೆಗೆ. ನೋಟೀಸಿನಲ್ಲಿ ಅದಕ್ಕೆ 'ವಿಶ್ರಾಂತಿ' ಎಂಬ ಚೆಂದದ ಪದ ಬಳಸಿದ್ದರು.

ಈಗ ಎಲ್ಲೆಲ್ಲೂ ಇದೇ ಕಾಲ. ಸಾಂಗ್ಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದು ಮಹಾನಗರಪಾಲಿಕೆ ಆದವು. (ಮೂರೂ ಊರಿನ ಜನ 'ನಮ್ಮೂರು, ನಿಮ್ಮೂರು' ಅನ್ನುವುದನ್ನು ಮಾತ್ರ ಬಿಟ್ಟಿಲ್ಲ.) ನಮ್ಮ ಖಾತೆ ಇದ್ದ ಸಣ್ಣ ಬ್ಯಾಂಕು ದೊಡ್ಡ ಬ್ಯಾಂಕಿನ ಹೊಟ್ಟೆಗೆ ಹೋಯಿತು. ಅಲ್ಲಿ ನಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದ ಕ್ಲರ್ಕು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ಮರ್ಜರ್ ಅಂದರೆ ಕೂಡುವುದು ಅಂತ ಡಿಕ್ಷನರಿ ಹೇಳುತ್ತದೆ. ನಾನು ನೋಡಿದ ಪ್ರತಿಯೊಂದು ಮರ್ಜರಿನಲ್ಲೂ ಯಾರೋ ಕಳೆದುಹೋಗಿದ್ದಾರೆ.

ನಮ್ಮವರು ಕಳೆದುಹೋಗಬಾರದು. ಅವರು ಸ್ಪಿನ್ನಿಂಗ್ ಖಾತೆಯ ಜಾಬರ್, ಅಂದರೆ ನೂಲುವ ಮಷೀನುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ರಿಟೈರ್ ಆಗಲು ಇನ್ನೂ ನಾಲ್ಕೈದು ವರ್ಷವಿದೆ. ಮಗಳು ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಿದ್ದಾಳೆ, ಓದು ಇನ್ನೂ ನಡುವಿನಲ್ಲಿದೆ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ನಾನೂ ಬಿ.ಎಸ್ಸಿ. ಮಾಡಿದವಳೇ. ಆದರೆ ನನ್ನ ಡಿಗ್ರಿ ಓಣಿಯ ಮಕ್ಕಳ ಟ್ಯೂಷನ್ನಿಗೆ ಮತ್ತು ಈ ಅಂಕಣಕ್ಕೆ ಮಾತ್ರ ಉಪಯೋಗ. ಹಾಗಾಗಿ ಆ ದಿನ ನಮ್ಮ ಇಡೀ ಮನೆ ಆ ರಟ್ಟಿನ ಕೊಳವೆಯ ತುದಿಯಲ್ಲಿತ್ತು.

ಅಶ್ವಿನಿ ಪುಣ್ಯಾತ್ಗಿತ್ತಿ. "ಇವತ್ತಿಂದು ಕಳಸೂದಿಲ್ಲ. ಮುಂದಿನ ವಾರ ಬರ್ರಿ. ಮನ್ಯಾಗ ಪ್ರಾಕ್ಟೀಸ್ ಮಾಡಸ್ರಿ ಕಾಕಾಗ" ಎಂದಳು.

ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದೆ.

"ಅಲ್ಲರೀ, ಒಂದ್ ಸಲ ಫೂ ಅಂತ ಊದಾಕ ಏನಾಗೇತಿ ನಿಮಗ?"

ಟಿಕೇಟು ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಹೇಳಿದರು: "ನಾ ಎಂದೂ ಊದೇ ಇಲ್ಲ."

ಹೌದಲ್ಲ! ಅನ್ನಿಸಿತು. ನಮ್ಮವರ ಹೆಸರು ಶಾಂತಿನಾಥ, ಹೆಸರಿಗೆ ತಕ್ಕ ಮನುಷ್ಯ. ನಾವು ಜೈನರು. ಇವರ ಅಜ್ಜ ಇವರನ್ನು ಐದಾರು ವರ್ಷದ ಮಗುವಾಗಿದ್ದಾಗಲೇ ಬಸದಿಯ ಮೂಲೆಯಲ್ಲಿ ನಿಲ್ಲಿಸಿ ಕಾಯೋತ್ಸರ್ಗ ಕಲಿಸಿದ್ದರಂತೆ. ಕೈ ಇಳಿಬಿಟ್ಟು ಅಲ್ಲಾಡದೆ ನಿಲ್ಲಬೇಕು, ಮನಸ್ಸಿನೊಳಗೇ ಣಮೋಕಾರ ಮಂತ್ರ ಹೇಳಬೇಕು. ಒಂದು ಮಂತ್ರಕ್ಕೆ ಮೂರು ಉಸಿರು, ಒಂಬತ್ತು ಮಂತ್ರಕ್ಕೆ ಇಪ್ಪತ್ತೇಳು. ಉಸಿರು ಬಿಟ್ಟದ್ದು ಪಕ್ಕದಲ್ಲಿ ನಿಂತವನಿಗೂ ಕೇಳಬಾರದು. ಕೇಳಿದರೆ ಅಜ್ಜ ಹೆಗಲಿಗೆ ಬೆರಳು ಚುಚ್ಚಿ ಮೊದಲಿನಿಂದ ಶುರು ಮಾಡಿಸುತ್ತಿದ್ದರು.

ಅಂದಿನಿಂದ ಇಂದಿನವರೆಗೆ ಇವರು ಬೆಳಗ್ಗೆ ಸಂಜೆ ಅದನ್ನು ತಪ್ಪಿಸಿಲ್ಲ. ಗಿರಣಿಯ ಗದ್ದಲದಲ್ಲೂ ಇವರ ಉಸಿರು ಹಾಗೆಯೇ ಓಡಾಡುತ್ತದೆ. ಬಿಸಿ ಹಾಲು ಕೊಟ್ಟರೆ ತಾನಾಗಿ ಆರುವವರೆಗೂ ಕಾಯುತ್ತಾರೆ. ದೀಪ ಊದಿ ಆರಿಸುವುದಿಲ್ಲ, ಬತ್ತಿ ಎಣ್ಣೆಯೊಳಗೆ ಜಾರಿಸುತ್ತಾರೆ. ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಎಲ್ಲರೂ ಸೇರಿ ಮೇಣದಬತ್ತಿ ಊದುವಾಗ ಇವರು ಹಿಂದೆ ನಿಂತು ಚಪ್ಪಾಳೆ ತಟ್ಟಿದ್ದು ನೆನಪಾಯಿತು. "ಗಾಳ್ಯಾಗೂ ಜೀವ ಇರ್ತಾವ, ಸುಮ್ಮಸುಮ್ಮನ ಯಾಕ ದೂಡಬೇಕು?" ಎಂದು ಇವರ ಅಜ್ಜ ಹೇಳುತ್ತಿದ್ದರಂತೆ.

ಇಷ್ಟು ಸಾಧನೆ ಮಾಡಿದ ಉಸಿರಿಗೆ ಮಷೀನು ಕೊಟ್ಟ ಸರ್ಟಿಫಿಕೇಟು ಏನು? ಈ ಮನುಷ್ಯ ಪ್ರಯತ್ನವನ್ನೇ ಮಾಡುತ್ತಿಲ್ಲ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ. ಬಸ್‌ಸ್ಟಾಪಿನಿಂದ ಮನೆ ಅಷ್ಟೇನೂ ದೂರವಿಲ್ಲ. ಆದರೂ ನಡುವೆ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತು ಹೋದೆ. ಈಚೆಗೆ ಹಾಗೆ ಆಗಿದೆ. ಹಪ್ಪಳ ಒಣಹಾಕಲು ಮಾಳಿಗೆ ಹತ್ತಿದರೆ ಇಳಿಯುವ ಮೊದಲು ಕೂರಬೇಕು. ಕೊಡ ಎತ್ತಿದರೆ ಇಳಿಸಿ ಕೂರಬೇಕು. ವಯಸ್ಸು, ಎಂದುಕೊಳ್ಳುತ್ತೇನೆ. ಈ ವರ್ಷವಂತೂ ಮರ್ಜರಿನ ಚಿಂತೆ, ಎಂದುಕೊಳ್ಳುತ್ತೇನೆ. ನಿಮ್ಮಲ್ಲೂ ಅನೇಕ ಹೆಂಗಸರು ಹಾಗೇ ಅಂದುಕೊಂಡು ಎಲ್ಲೋ ಒಂದು ಕಟ್ಟೆಯ ಮೇಲೆ ಕೂತಿರುತ್ತೀರಿ, ನನಗೆ ಗೊತ್ತು.

ಮರುದಿನ ಬೆಳಗ್ಗೆ ಪ್ರಾಕ್ಟೀಸ್ ಶುರು.

ಊದುವುದನ್ನು ಕಲಿಸಲು ಮನೆಯಲ್ಲಿ ಏನಿದೆ? ಬಲೂನು ತರಿಸಿದೆ. ಇವರ ಉಸಿರಿಗೆ ಬಲೂನು ಉಬ್ಬುವ ಮಾತು ಹಾಗಿರಲಿ, ನಿದ್ದೆಯಿಂದಲೂ ಏಳಲಿಲ್ಲ. ಕೊನೆಗೆ ಬಚ್ಚಲ ಒಲೆಯ ಮುಂದೆ ಕೂರಿಸಿ ಕೈಗೆ ಊದುಗೊಳವಿ ಕೊಟ್ಟೆ.

ನಮ್ಮದು ಅರ್ಧ ಗ್ಯಾಸು, ಅರ್ಧ ಒಲೆಯ ಸಂಸಾರ. ಚಹಾ, ಹಾಲು, ಪಲ್ಯ ಗ್ಯಾಸಿನ ಮೇಲೆ. ಸ್ನಾನದ ನೀರು ಮತ್ತು ಜೋಳದ ರೊಟ್ಟಿ ಒಲೆಯ ಮೇಲೆ. ನೀರಿಗೆ ಗ್ಯಾಸು ಸುಟ್ಟರೆ ಸಿಲಿಂಡರು ತಿಂಗಳು ಬಾಳುವುದಿಲ್ಲ. ರೊಟ್ಟಿಯ ಕಾರಣ ಬೇರೆ: ಗ್ಯಾಸಿನ ರೊಟ್ಟಿಗೆ ರುಚಿ ಇಲ್ಲ ಎಂದು ಈ ಮನೆಯಲ್ಲಿ ಎಂದೋ ತೀರ್ಮಾನವಾಗಿಬಿಟ್ಟಿದೆ. (ತೀರ್ಮಾನ ಮಾಡಿದವರು ಯಾರೂ ಒಲೆಯ ಮುಂದೆ ಕೂತವರಲ್ಲ.) ತೊಗರಿಕಟ್ಟಿಗೆ ಇದೆ, ಕುಳ್ಳು ಇದೆ, ಊದುಗೊಳವಿ ಇದೆ. ಅದು ಅತ್ತೆಯವರು ನನ್ನ ಕೈಗೆ ಕೊಟ್ಟು ಹೋದ ಕಬ್ಬಿಣದ ಕೊಳವಿ. ಅತ್ತೆಗೆ ಬೆಳಗಿನ ಹೊತ್ತು ಬಿಡದ ಕೆಮ್ಮು. ಆ ಕೆಮ್ಮು ಕೇಳಿಯೇ ನಾವೆಲ್ಲ ಏಳುತ್ತಿದ್ದೆವು. ಅದನ್ನು ಯಾರೂ ರೋಗ ಅಂತ ತಿಳಿದಿರಲಿಲ್ಲ.

"ಕೊಳವಿ ತುಟಿಗೆ ಗಟ್ಟಿ ಹಿಡೀರಿ. ಗಲ್ಲ ಉಬ್ಬಿಸಬ್ಯಾಡ್ರಿ, ಹೊಟ್ಟಿಯಿಂದ ಊದ್ರಿ."

ಊದಿದರು. ಒಲೆಯಲ್ಲಿದ್ದ ಕೆಂಡ ಕಣ್ಣು ಕೂಡ ಪಿಳುಕಿಸಲಿಲ್ಲ.

"ಅಜ್ಜನ್ನ ಮರೀರಿ ಸ್ವಲ್ಪ ಹೊತ್ತು!"

ಇನ್ನೊಮ್ಮೆ ಊದಿದರು. ಈ ಸಲ ಬೂದಿ ಎದ್ದಿತು, ಎದ್ದು ನೇರ ಅವರ ಮುಖಕ್ಕೇ ಬಂತು. ಹಿಂದೆಯೇ ಹೊಗೆ. ಕಣ್ಣು ಒರೆಸಿಕೊಳ್ಳುತ್ತಾ, ಕೆಮ್ಮುತ್ತಾ, ಮೀಸೆಯೆಲ್ಲ ಬೂದಿ ಮಾಡಿಕೊಂಡು ಹಿತ್ತಲಿಗೆ ಓಡಿದರು. ಅಲ್ಲಿ ನಿಂತು ನನ್ನನ್ನು ಕೇಳಿದರು:

"ದಿನಾ ಇದನ್ನ ಮಾಡ್ತೀ ಏನು ನೀ?"

ಮಾಡುತ್ತೇನೆ. ಮದುವೆಯಾದಂದಿನಿಂದ, ಅದಕ್ಕೂ ಮೊದಲು ತವರಿನಲ್ಲಿ ಕೈಗೆ ಕೊಳವಿ ಹಿಡಿಯುವಷ್ಟು ದೊಡ್ಡವಳಾದಂದಿನಿಂದ. ಇವರು ದಿನಾ ಆ ಬಿಸಿನೀರಿನ ಸ್ನಾನ ಮಾಡಿದ್ದಾರೆ. ನೀರು ಹೇಗೆ ಕಾಯುತ್ತದೆ ಎಂದು ಅಂದೇ ನೋಡಿದ್ದು. ಸಿಟ್ಟು ಬಂತೇ ಎಂದರೆ, ಇಲ್ಲ. ಸಿಟ್ಟಿಗೂ ಶಕ್ತಿ ಬೇಕಾಗುತ್ತದೆ.

ವಾರವಿಡೀ ಪಾಠ ನಡೆಯಿತು. ನಾಲ್ಕನೆಯ ದಿನವೋ ಐದನೆಯ ದಿನವೋ ಒಲೆ ಒಮ್ಮೆಲೇ ಭಗ್ಗನೆ ಹೊತ್ತಿಕೊಂಡಿತು. ಇವರು ನನ್ನ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗನ ಮುಖ!

ಅದೇ ವಾರ, ಕಾಕತಾಳೀಯವೋ ಏನೋ, ಟ್ಯೂಷನ್ನಿನ ಮಕ್ಕಳಿಗೆ ಶ್ವಸನದ ಪಾಠ ಬಂತು. ಮಕ್ಕಳಿಗೆ ಸಾಮಾನ್ಯವಾಗಿ ಅಲ್ಲಿ ಗೊಂದಲ. ಎದೆ ಏರಿಳಿದರೆ ಉಸಿರಾಟ ಮುಗಿಯಿತು ಎಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ, ಅಲ್ಲಿ ಶುರುವಾಗುತ್ತದೆ. ಗಾಳಿ ಒಳಗೆ ತರುವುದು ಬಾಗಿಲ ಕೆಲಸ ಅಷ್ಟೆ. ಅಸಲು ಉಸಿರಾಟ ನಡೆಯುವುದು ಮೈಯ ಒಂದೊಂದು ಜೀವಕೋಶದೊಳಗೆ. ಉಂಡ ಅನ್ನದ ಸಕ್ಕರೆ, ಎಳೆದುಕೊಂಡ ಆಕ್ಸಿಜನ್ ಎರಡೂ ಅಲ್ಲಿ ಸೇರಿ ನಿಧಾನಕ್ಕೆ ಉರಿಯುತ್ತವೆ. ಆ ಉರಿಯಿಂದಲೇ ನಾವು ಕೊಡ ಎತ್ತುವುದು, ಮಾಳಿಗೆ ಹತ್ತುವುದು, ಗಂಡನ ಮೇಲೆ ರೇಗುವುದು. ಆಕ್ಸಿಜನ್ ಸಾಲದಿದ್ದರೆ ಕೋಶ ಹೇಗೋ ಅರೆಬರೆ ಸುಟ್ಟು ಕೆಲಸ ಸಾಗಿಸುತ್ತದೆ. ಆಗ ಮೈ ಸೋಲುತ್ತದೆ, ಕಾಲು ಹಿಡಿಯುತ್ತವೆ.

"ಮೈಯ್ಯಾಗ ಒಲಿ ಇದ್ದಂಗಲ್ಲ ಕಾಕೂ?" ಎಂದಳು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ.

ಹೌದು, ಒಲೆಯೇ. ಅದರ ಹೆಸರು ಮೈಟೊಕಾಂಡ್ರಿಯಾ. ಕೋಶದೊಳಗೆ ಅವರೆಕಾಳಿನ ಆಕಾರದಲ್ಲಿ ಇರುವ ಪುಟಾಣಿ ಒಲೆ. ಈ ಒಲೆಯ ಕಥೆ ಪಠ್ಯದಲ್ಲಿಲ್ಲ, ಕಾಲೇಜಿನಲ್ಲಿ ಓದಿದ್ದು ನನಗೆ ಇನ್ನೂ ನೆನಪಿದೆ. ಬಹಳ ಬಹಳ ಹಿಂದೆ ಅದು ಒಂದು ಸ್ವತಂತ್ರ ಜೀವಿಯಾಗಿತ್ತಂತೆ. ತನ್ನ ಪಾಡಿಗೆ ತಾನು, ತನ್ನದೇ ಗೋಡೆ, ತನ್ನದೇ ಸಂಸಾರ. ಒಂದು ದಿನ ಇನ್ನೊಂದು ದೊಡ್ಡ ಕೋಶ ಅದನ್ನು ನುಂಗಿತು. ನುಂಗಿದ್ದು ಜೀರ್ಣವಾಗಲಿಲ್ಲ. ಬದಲಿಗೆ ಒಳಗೇ ಉಳಿದು ಅಡುಗೆ ಮಾಡತೊಡಗಿತು. ಜಗತ್ತಿನ ಅತಿ ಹಳೆಯ ಮರ್ಜರ್ ಅದು. ಅದು ಆಗದಿದ್ದರೆ ಮರ ಇಲ್ಲ, ಹುಲಿ ಇಲ್ಲ, ನಾವೂ ಇಲ್ಲ.

ಪಾಠ ಮಾಡುತ್ತಾ ಮಾಡುತ್ತಾ ನನಗೆ ನಗು ಬಂತು. ಹೊರಗಿನಿಂದ ಬಂದದ್ದು, ಬಂದ ಕೂಡಲೇ ಅಡುಗೆಮನೆ ಪಾಲಿಗೆ ಬಂದದ್ದು, ಇಡೀ ಮನೆಯ ಶಕ್ತಿ ತಾನೇ ಆಗಿ ಒಂಟಿಯಾಗಿ ಬದುಕುವುದನ್ನು ಮರೆತದ್ದು. ಇದನ್ನೆಲ್ಲ ನಾನು ಎಲ್ಲಿ ನೋಡಿದ್ದೇನೆ? (ನಮ್ಮ ಮೈಟೊಕಾಂಡ್ರಿಯಾ ನಮಗೆ ಬರುವುದು ತಾಯಿಯ ಕಡೆಯಿಂದ ಮಾತ್ರ. ಅಪ್ಪನ ಕಡೆಯಿಂದ ಅಡ್ಡಹೆಸರು ಬರುತ್ತದೆ.)

ಸರಿ, ವಾರ ಕಳೆಯಿತು. ಮತ್ತೆ ಮಿರಜ. ಮತ್ತೆ ಅದೇ ಕೋಣೆ, ಅದೇ ಕ್ಲಿಪ್ಪು, ಅಶ್ವಿನಿ.

"ಫುಂಕಾ!"

ನಮ್ಮವರು ಕಣ್ಣು ತೆರೆದುಕೊಂಡೇ ಊದಿದರು. ಅಬ್ಬಾ, ಏನು ಊದಿದರು! ಎದುರಿನ ಮೇಜಿನಲ್ಲಿ ಬಚ್ಚಲ ಒಲೆ ಕಂಡಿರಬೇಕು. ಗೆರೆ ಸರ್ರನೆ ಮೇಲಕ್ಕೆ ಹೋಯಿತು. ಅಶ್ವಿನಿ ಕುರ್ಚಿಯಿಂದ ಎದ್ದೇಬಿಟ್ಟಳು.

"ಅಗ್‌ಬಾಈ! ಮಸ್ತ್ ಕಾಕಾ! ಫಿಟ್ ಅದೀರಿ. ಧೂಳಿನ್ಯಾಗ ಇಷ್ಟ ವರ್ಷ ಇದ್ದೂ ಎಷ್ಟ ಚಲೋ ಐತಿ ನಿಮ್ಮ ಉಸರ!"

ನನ್ನ ಮೈಯಿಂದ ಒಂದು ದೊಡ್ಡ ಭಾರ ಇಳಿಯಿತು. ನಿಜ ಹೇಳುತ್ತೇನೆ, ಗೋಡೆಗೆ ಒರಗಿ ಎರಡು ಹನಿ ಕಣ್ಣೀರು ಹಾಕಿದೆ. ಮಗಳ ಓದು ನಿಲ್ಲುವುದಿಲ್ಲ. ಇವರು ನಾಳೆಯೂ ಡಬ್ಬಿ ಹಿಡಿದು ಗಿರಣಿಗೆ ಹೋಗುತ್ತಾರೆ. ಅಷ್ಟು ಸಾಕಿತ್ತು ನನಗೆ.

"ಕಲಿಸಿದವರು ಯಾರು?" ಅಶ್ವಿನಿ ಕೇಳಿದಳು.

"ನಮ್ಮಾಕಿ. ಒಲಿ ಮುಂದ ಕುಂದರಿಸಿ ಕಲಿಸ್ಯಾಳ" ಎಂದರು ಇವರು, ಎಂದೂ ಇಲ್ಲದ ಹೆಮ್ಮೆಯಿಂದ.

"ಹಂಗಾರ ಗುರುಗಳೂ ಒಮ್ಮೆ ಊದಲಿ!"

ಹೊರಗೆ ಬೇರೆ ಯಾರೂ ಕಾಯುತ್ತಿರಲಿಲ್ಲ. ಎಲ್ಲರೂ ಖುಷಿಯಲ್ಲಿದ್ದೆವು. ಆಕೆ ಹೊಸ ರಟ್ಟಿನ ಕೊಳವೆ ಹಾಕಿ, ನನ್ನ ವಯಸ್ಸು, ಎತ್ತರ ಕೇಳಿ ಟೈಪ್ ಮಾಡಿದಳು. ನಾನು ಸೆರಗು ಸಿಕ್ಕಿಸಿಕೊಂಡು ಕೂತೆ. ಊದುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಯಾರಿದ್ದಾರೆ? ಎದೆ ತುಂಬ ಉಸಿರೆಳೆದುಕೊಂಡು, ಇಷ್ಟು ವರ್ಷದ ಅಭ್ಯಾಸವನ್ನೆಲ್ಲ ಸೇರಿಸಿ ಊದಿದೆ.

ಅಶ್ವಿನಿ ಈ ಸಲ ಕೂಗಲಿಲ್ಲ. "ಇನ್ನೊಮ್ಮೆ ಕಾಕೂ" ಎಂದಳು. ಊದಿದೆ. "ಇನ್ನೊಮ್ಮೆ." ಆಕೆಯ ದನಿಯಲ್ಲಿದ್ದ ನಗೆ ಹೋಗಿತ್ತು. ಒಂದು ಪಂಪು ಕೊಟ್ಟು ಔಷಧ ಎಳೆದುಕೊಳ್ಳಲು ಹೇಳಿದಳು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದಳು. ಗೆರೆ ಏರಿತ್ತು, ಸ್ವಲ್ಪವೇ ಏರಿತ್ತು, ಏರಿದ್ದು ಒಳಕ್ಕೆ ಕುಸಿದುಬಿಟ್ಟಿತ್ತು. ಇವರ ಗೆರೆಯ ಪಕ್ಕದಲ್ಲಿಟ್ಟು ನೋಡಲು ಡಾಕ್ಟರಿಕೆ ಓದಿರಬೇಕಾಗಿರಲಿಲ್ಲ.

ಡಾಕ್ಟರನ್ನು ಕರೆದಳು. ಡಾಕ್ಟರು ಮರಾಠಿಯವರು. ಆದರೆ ಮಿರಜಿನಲ್ಲಿ ಪ್ರಾಕ್ಟೀಸು ಮಾಡುವವರಿಗೆ ಕನ್ನಡ ಬಾರದೆ ನಡೆಯುವುದಿಲ್ಲ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು, ಅವರಿಗೂ ಬೆಳಗಿನಿಂದ ಸಾಕಾಗಿತ್ತು.

"ಬೀಡಿ ಸೇದ್ತೀರೇನ್ರಿ ಬಾಯಾರ?"

"ಇಲ್ಲರಿ."

"ಮನ್ಯಾಗ ಯಾರರೆ?"

"ಇಲ್ಲರಿ, ಯಾರೂ ಇಲ್ಲ."

"ಒಲಿ ಐತಿ?"

"ಐತ್ರಿ."

"ಎಷ್ಟ ವರ್ಷದಿಂದ?"

"ನಾ ಹುಟ್ಟಿದಾಗಿಂದ ಐತ್ರಿ" ಎಂದೆ.

ಅವರು ನಿಟ್ಟುಸಿರು ಬಿಟ್ಟರು. "ಊದೂ ಶಕ್ತಿಗೇನೂ ಕಮ್ಮಿ ಇಲ್ಲ ನಿಮಗ. ಆದ್ರ ಒಳಗಿನ ದಾರಿ ಸಣ್ಣ ಆಗೇತಿ. ಹಳೇ ಗಾಳಿ ಪೂರಾ ಹೊರಗ ಬರಂಗಿಲ್ಲ, ಅದಕ್ಕ ಹೊಸಾದು ಪೂರಾ ಒಳಗ ಹೋಗಂಗಿಲ್ಲ. ದಣಿವು ಆಗ್ತಿರಬೇಕಲ್ಲ?"

ದಣಿವು! ನಾನು ಅದನ್ನು ನನ್ನ ಸ್ವಭಾವ ಎಂದುಕೊಂಡಿದ್ದೆ.

ಮೊನ್ನೆ ತಾನೇ ಮಕ್ಕಳಿಗೆ ಕೋಶ, ಆಕ್ಸಿಜನ್, ಅರೆಬರೆ ಉರಿ ಎಂದೆಲ್ಲ ಪಾಠ ಹೇಳಿದವಳು. ನನ್ನದೇ ಮೈಯ ಕೋಟ್ಯಂತರ ಒಲೆಗಳು ಗಾಳಿ ಸಾಲದೆ ಹೊಗೆಯಾಡುತ್ತಿರುವುದು ನನಗೆ ಹೊಳೆದಿರಲಿಲ್ಲ. ಹೇಗೆ ಹೊಳೆಯಬೇಕು? ಇಡೀ ದಿನ ಧೂಳಿನಲ್ಲಿ ದುಡಿಯುವ ಮನುಷ್ಯ ಪಕ್ಕದಲ್ಲಿರುವಾಗ ಮನೆಯಲ್ಲಿ ಕೂತವಳ ಉಸಿರಿನ ಯೋಚನೆ ಯಾರಿಗೆ ಬರುತ್ತದೆ? ಗಿರಣಿಯವರಿಗೆ ಬರಲಿಲ್ಲ. ಇವರಿಗೆ ಬರಲಿಲ್ಲ. ನನಗೂ ಬರಲಿಲ್ಲ ನೋಡಿ.

"ಪಂಪ್ ಬರದ ಕೊಡ್ತೇನಿ. ದಿನಾ ತಗೋರಿ. ಆದ್ರ ದೊಡ್ಡ ಔಷಧ ಒಂದ. ಹೊಗಿ ಬಂದ್" ಎಂದರು ಡಾಕ್ಟರು.

ಬಸ್ಸಿನಲ್ಲಿ ಈ ಸಲ ಇವರೇ ಮಾತಾಡಿದರು. "ನಾಳಿಂದ ನೀ ಒಲಿ ಹಂತೇಕ ಹೋಗಬ್ಯಾಡ. ನಾ ಹಚ್ತೇನಿ." ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡರು. ತುಂಬಿದ ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದದ್ದು ಅದೇ ಮೊದಲು. ನಾನೂ ಬಿಡಿಸಿಕೊಳ್ಳಲಿಲ್ಲ.

ಹೇಳಿದ ಹಾಗೆ ನಡೆದುಕೊಂಡರು. ಬೆಳಗ್ಗೆ ಎದ್ದು ತಾವೇ ಒಲೆ ಹಚ್ಚಿದರು. ನಾನು ಮುಂದಿನ ಕಟ್ಟೆಯ ಮೇಲೆ ಕೂತು ಅವರ ಕೆಮ್ಮು ಕೇಳಿದೆ. ರೊಟ್ಟಿ ಗ್ಯಾಸಿಗೆ ಬಂತು. ಹೇಗಿದೆ ಎಂದು ಕೇಳಿದರೆ "ಚಲೋ ಐತಿ" ಎಂದರು. (ಅಷ್ಟು ಹೇಳುವುದಕ್ಕೆ ಅವರಿಗೆ ಎರಡು ತುತ್ತು ಬೇಕಾಯಿತು.) ಬದುಕು ಹೀಗೇ ಬದಲಾಗಿಬಿಡುತ್ತದೆ ಎಂದು ನಾನೂ ನಂಬಿದೆ.

ಆಮೇಲೆ ಮರ್ಜರಿನ ಆರ್ಡರ್ ಬಂತು. ಇವರು ಫಿಟ್, ಕೆಲಸ ಉಳಿಯಿತು. ಆದರೆ ಪುನರ್ರಚನೆ ಅಂತ ಇನ್ನೊಂದು ಪದ ಇದೆಯಲ್ಲ? ಅದರ ಪ್ರಕಾರ ಸ್ಪಿನ್ನಿಂಗ್ ಖಾತೆ ಪೂರ್ತಿ ಆ ಇನ್ನೊಂದು ಊರಿಗೆ ಹೋಯಿತು. ಬೆಳಗಿನ ಪಾಳಿ, ಕತ್ತಲಿರುವಾಗಲೇ ಕಂಪನಿಯ ಬಸ್ಸು. ಅಷ್ಟರೊಳಗೆ ಇವರ ಸ್ನಾನ ಆಗಬೇಕು, ಕಾಯೋತ್ಸರ್ಗ ಆಗಬೇಕು, ಡಬ್ಬಿ ತುಂಬಬೇಕು. ರೊಟ್ಟಿಯೂ ಸೇರಿದ ಮೇಲೆ ಸಿಲಿಂಡರು ನೀರಿಗೆ ಸಾಲುವುದಿಲ್ಲ, ಕರೆಂಟಿನ ಕಾಯಿಲ್ ತಂದು ನೀರು ಕಾಸೋಣವೆಂದರೆ ಆ ಹೊತ್ತಿಗೆ ಸರಿಯಾಗಿ ಲೋಡ್‌ಶೆಡ್ಡಿಂಗ್. ಒಂದಷ್ಟು ದಿನ ಇವರೇ ಇನ್ನೂ ಮೊದಲೇ ಎದ್ದು ಒಲೆ ಹಚ್ಚಿದರು. ಒಂದು ದಿನ ಒಲೆಯ ಮುಂದೆಯೇ ಕೂತಲ್ಲಿ ನಿದ್ದೆ ಹೋದರು, ಬಸ್ಸು ತಪ್ಪಿತು, ಹೊಸ ಸಾಹೇಬರಿಂದ ಮಾತು ಕೇಳಿದರು.

"ತಣ್ಣೀರೇ ಹಾಕ್ಕೋತೇನಿ ಬಿಡು" ಎಂದು ಎರಡು ದಿನ ತಣ್ಣೀರು ಸುರಿದುಕೊಂಡರು. ಮೂರನೆಯ ದಿನ ನೆಗಡಿ, ಅದರ ಹಿಂದೆ ಕೆಮ್ಮು. ಕೆಮ್ಮು ಕೇಳಿ ನಾನು ಆ ಆರ್ಡರನ್ನು ಮತ್ತೆ ತೆಗೆದು ಓದಿದೆ. ಯಾಕೆಂದರೆ ಆರ್ಡರಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ಮೆಡಿಕಲ್ ವರ್ಷಕ್ಕೊಮ್ಮೆ ಮತ್ತೆ ಆಗುತ್ತದೆ. ಇವರ ಉಸಿರು ಕೆಟ್ಟರೆ ಈ ಮನೆ ನಿಲ್ಲುವುದು ಯಾವುದರ ಮೇಲೆ?

ಮರುದಿನ ಇವರು ಏಳುವ ಮೊದಲೇ ನಾನು ಎದ್ದೆ. ಪಂಪಿನಿಂದ ಔಷಧ ಎಳೆದುಕೊಂಡೆ. ಮೂಗಿಗೆ ಸೆರಗು ಕಟ್ಟಿಕೊಂಡೆ. ಬಚ್ಚಲ ಒಲೆಯ ಮುಂದೆ ಕೂತು ಕೊಳವಿ ಎತ್ತಿಕೊಂಡೆ. ಯಾರೂ ಎತ್ತಿಕೋ ಎನ್ನಲಿಲ್ಲ. ಯಾರೂ ಬೇಡ ಎನ್ನಲು ಎದ್ದಿರಲಿಲ್ಲ. ನೀರು ಕಾಯಿತು. ಇವರು ಬಚ್ಚಲಿಗೆ ಬಂದರು, ಒಲೆ ನೋಡಿದರು, ನನ್ನನ್ನು ನೋಡಿದರು. ಸ್ನಾನ, ಕಾಯೋತ್ಸರ್ಗ ಮುಗಿಸಿ ಡಬ್ಬಿ ಹಿಡಿದು ಹೊರಡುವಾಗ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರಸ್ತೆಯ ಮೇಲೆ ಕಂಪನಿಯ ಬಸ್ಸಿನ ಹಾರ್ನು ಕೇಳಿತು.

ಅಂದಿನಿಂದ ಅದೇ ನಡೆದಿದೆ. ಮುಂದಿನ ತಿಂಗಳು ಡಾಕ್ಟರು ಮತ್ತೆ ಬರಹೇಳಿದ್ದಾರೆ. ಹೊಗೆ ಬಂದ್ ಆಯಿತೇ ಎಂದು ಕೇಳುತ್ತಾರೆ. ಆದರೆ ನನಗೂ ಅವರನ್ನು ಕೇಳುವುದೊಂದಿದೆ.

ಗಿರಣಿಗೆ ಅನ್‌ಫಿಟ್ ಆದವರನ್ನು ಮನೆಗೆ ಕಳಿಸುತ್ತಾರೆ ಡಾಕ್ಟರೇ, ಮನೆಗೇ ಅನ್‌ಫಿಟ್ ಆದವರನ್ನು ಎಲ್ಲಿಗೆ ಕಳಿಸುತ್ತಾರೆ?